ಎಂಟನೇ ಹಾಡು

ಹನ್ನೊಂದನೇ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಸತ್ಯಮಂಗಲದ ಆ ಬೀದಿಗೆ ಕಸದ ಗಾಡಿ ಎಂದಿನಂತೆ ಹಾಡು ಹಾಕಿಕೊಂಡು ಬಂತು. ಮಾಲಿನಿ ಬಕೆಟ್ ಸುರಿದು ತಿರುಗಿದಾಗ ಜುಲ್ಫಿಕರ್ ಗೇಟಿನ ಬಳಿ ಬೈಕ್ ನಿಲ್ಲಿಸುತ್ತಿದ್ದ. ಶಿರಾ ಗೇಟಿನಲ್ಲಿ ಅವನಿಗೆ ಬ್ಯಾಟರಿ ಅಂಗಡಿ. ತೀರಿಹೋದ ಅವಳ ಗಂಡ ಸಿದ್ದಾರ್ಥ ಹಾಡುತ್ತಿದ್ದ ಬ್ಯಾಂಡಿನಲ್ಲಿ ಗಿಟಾರ್ ಅವನದೇ. ಆಲ್ಬಮ್ಮಿನ ಕೊನೆಯ ಹಾಡನ್ನು ಮನೆಯಲ್ಲೇ ಹಾಡಿ ಕೊಡುತ್ತೇನೆಂದು ಸಿದ್ದಾರ್ಥ ಎರವಲು ತಂದಿದ್ದ ರೆಕಾರ್ಡರನ್ನು ವಾಪಸು ಕೇಳಲು ಬಂದಿದ್ದ.

ಎಂಟು ಪ್ರೇಮಗೀತೆಗಳ ಆಲ್ಬಮ್ ಅದು; ತತ್ವಪದದ ಧಾಟಿ, ಬ್ಲೂಸ್ ಗಿಟಾರ್. ಎಲ್ಲದರಲ್ಲೂ ಒಬ್ಬ ಗಂಡಸು ತನ್ನೊಳಗನ್ನು ಬಗೆದು ನೋಡಿಕೊಂಡು ಹೆಂಡತಿಗೆ ತಪ್ಪೊಪ್ಪಿಕೊಳ್ಳುತ್ತಾನೆ. ಸಾವಿನ ಮನೆಗೆ ಬಂದವರು ಆ ಹಾಡುಗಳನ್ನು ನೆನೆದು, ಇಂಥ ಗಂಡನನ್ನು ಪಡೆಯಲು ಪುಣ್ಯ ಬೇಕು ಎಂದಿದ್ದರು. ಮೂರು ವರ್ಷದ ಸಂಸಾರದಲ್ಲಿ ಆ ಮಾತುಗಳಲ್ಲಿ ಒಂದನ್ನೂ ಅವನು ಅವಳಿಗೆ ಹೇಳಿರಲಿಲ್ಲ.

ಕೊನೆಯ ಹಾಡು ರೆಕಾರ್ಡರಿನಲ್ಲಿ ಇನ್ನೂ ಉಳಿದಿದೆಯೇ ನೋಡಬೇಕೆಂದು ಜುಲ್ಫಿಕರ್ ಗುಂಡಿ ಒತ್ತಿದ. ಮೊದಲು ಕೇಳಿದ್ದು ಮಾಲಿನಿಯ ದನಿ.

"ರೀ, ಮತ್ತೆ ಎದೆ ಹಿಡ್ಕೊಂಡ್ರಲ್ಲ. ಸಾಕು ಏಳಿ, ಆಸ್ಪತ್ರೆಗೆ ಹೋಗೋಣ."

"ಸುಮ್ನಿರೇ, ಟೇಕ್ ಹಾಳ್ಮಾಡ್ಬೇಡ."

ಆಮೇಲೆ ಹಾಡು. ನೀ ಕರೆದಾಗೆಲ್ಲ ನಾ ಕಿವುಡಾದೆನೇ ಎಂದು ಸಿದ್ದಾರ್ಥ ನಿಧಾನವಾಗಿ ಹಾಡುತ್ತಿದ್ದ. ಪಲ್ಲವಿಯ ಹಿಂದೆ ಅವಳು ಇನ್ನೆರಡು ಸಲ ಕರೆಯುವುದು ಕೇಳಿಸಿತು. ಅವನು ನಿಲ್ಲಿಸಲಿಲ್ಲ. ಅಂದೇ ಸಂಜೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಉಸಿರು ನಿಂತಿತ್ತು.

ಜುಲ್ಫಿಕರ್ ಕಣ್ಣೊರೆಸಿಕೊಂಡ. ಅಂದು ಮಧ್ಯಾಹ್ನವೇ ಸಿದ್ದಾರ್ಥ ಇದನ್ನು ಅವನಿಗೆ ಫೋನಿನಲ್ಲಿ ಕೇಳಿಸಿದ್ದನಂತೆ. ಇದನ್ನೇ ಆಲ್ಬಮ್ಮಿಗೆ ಹಾಕಲು ಬ್ಯಾಂಡಿನವರೆಲ್ಲ ಒಪ್ಪಿದ್ದಾರಂತೆ.

"ಇದೇ ಬೆಸ್ಟ್ ಟೇಕ್ ಅತ್ತಿಗೆ. ದನೀಲಿ ಎಂಥಾ ನೋವು ಬಂದೈತೆ ನೋಡಿ. ಹಿಂದ್ಗಡೆ ಸ್ವಲ್ಪ ಸೌಂಡ್ ಐತೆ, ಅಷ್ಟೇ. ಬೆಂಗ್ಳೂರಲ್ಲಿ ಕ್ಲೀನ್ ಮಾಡಿಸ್ತೀವಿ."

"ಯಾವ ಸೌಂಡು?"

ಅವನು ರೆಕಾರ್ಡರಿನ ಕಡೆ ನೋಡಿದ. "ನಿಮ್ದು," ಎಂದ.

ಹನ್ನೊಂದು ದಿನದಲ್ಲಿ ಮಾಲಿನಿ ಒಮ್ಮೆಯೂ ಅತ್ತಿರಲಿಲ್ಲ. ಕಲ್ಲಿನಂಥವಳು ಎಂದು ಅತ್ತೆಯ ಕಡೆಯವರು ತಮ್ಮೂರು ನಿಟ್ಟೂರಿನವರೆಗೂ ಹೇಳಿಕೊಂಡು ಹೋಗಿದ್ದರು. ಈಗ ರೆಕಾರ್ಡರನ್ನು ಅವನಿಂದ ಕಿತ್ತುಕೊಂಡಳು. ಅಳಿಸಿಬಿಡುತ್ತಾಳೆಂದು ಅವನು ಹೆದರಿ ಬೇಡ ಅತ್ತಿಗೆ, ಇದೊಂದೇ ಕಾಪಿ ಇರೋದು ಎಂದು ಕೈಮುಗಿದ.

"ಅಳ್ಸಲ್ಲ. ಹಾಡು ಹೊರಗ್ ಬರ್ಲಿ. ಆದ್ರೆ ನಾನು ಕರ್ದಿದ್ದು ಒಂದಕ್ಷರಾನೂ ತೆಗಿಯೋ ಹಾಗಿಲ್ಲ. ಹಾಡಿದೋರು ಇಬ್ರು ಅಂತ ಹಾಕಿ."

ಜುಲ್ಫಿಕರ್ ತಲೆ ತಗ್ಗಿಸಿದ. ಅಷ್ಟು ಒಳ್ಳೆಯ ಹಾಡಿನ ನಡುವೆ ಹಾಗೆ ಕೂಗುತ್ತಿದ್ದರೆ ಕೇಳುವವರಿಗೆ ಕಿರಿಕಿರಿಯಾಗುತ್ತದೆ ಎಂದು ಮೆಲ್ಲಗೆ ಹೇಳಿದ.

ಮಾಲಿನಿ ರೆಕಾರ್ಡರನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಅದರ ಮೇಲೆ ತಾನೇ ಮಡಚಿದಳು.

"ಆಗ್ಲಿ. ನಮ್ಮನೆಯವ್ರಿಗೂ ಕಿರಿಕಿರಿನೇ ಆಗಿತ್ತು."