ಐದು ಹಣ್ಣಿನ ಚಿತ್ರ

ಕಸದ ಘಟಕದ ಬೆಲ್ಟಿನ ಮೇಲೆ ಸಾಗಿಬಂದ ಫ್ರೂಟ್ ಪಂಚ್ ಪೊಟ್ಟಣ ಕಸ ವಿಂಗಡಿಸುವವಳ ಗ್ಲೌಸಿಗೆ ಅಂಟಲಿಲ್ಲ. ಅವಳ ಕೈ ಅಲ್ಲೇ ನಿಂತಿತು. ಇಂಥ ಪೊಟ್ಟಣಗಳು ಅಂಟಂಟಾಗಿ, ಇರುವೆಗಳನ್ನು ಹೊತ್ತುಕೊಂಡೇ ಬರುತ್ತವೆ. ನೇರ ಸುಡುವ ರಾಶಿಗೆ ಹೋಗುತ್ತವೆ. ಇದರ ಮೂಲೆಗಳನ್ನು ಯಾರೋ ಬಿಡಿಸಿ ಚಪ್ಪಟೆ ಮಾಡಿದ್ದರು, ಸ್ಟ್ರಾ ಒಳಗೆ ತುರುಕಿದ್ದರು. ಮೂಸಿ ನೋಡಿದಳು. ಸೋಪಿನ ವಾಸನೆ.

"ಮೇಲೆ ಐದು ಹಣ್ಣಿನ ಚಿತ್ರ, ಒಳಗೆ ಬರೀ ಸಕ್ಕರೆ ನೀರು. ಬೇಡ ಅಂದ್ರೆ ಬೇಡ" ಎಂದು ಅಂಗಡಿ ಮುಂದಿನಿಂದ ಮಗಳನ್ನು ಎಷ್ಟು ಸಲ ಎಳೆದುಕೊಂಡು ಬಂದಿದ್ದಳೋ. ಹಟಕ್ಕೆ ಸೋತು ಕೊಡಿಸಿದ ದಿನ ಮಾತ್ರ ಪಕ್ಕದಲ್ಲೇ ನಿಂತು ಹೇಳಿಕೊಟ್ಟಿದ್ದಳು: "ತೊಳೆದು, ಚಪ್ಪಟೆ ಮಾಡಿ, ಸ್ಟ್ರಾ ಒಳಗೆ ಹಾಕು. ಅಂಟಿದ್ರೆ ಸುಟ್ಟುಬಿಡ್ತಾರೆ, ತೊಳೆದ್ರೆ ಮತ್ತೆ ಕಾಗದ ಆಗುತ್ತೆ."

"ಊರಿನ ಕಸ ಎಲ್ಲಾ ನಿನ್ ಕೈಗೇ ಬರುತ್ತಾ ಅಮ್ಮ?" ಎಂದು ಮಗಳು ಕೇಳಿದ್ದಳು.

ಊರಿನ ಇನ್ನೊಂದು ತುದಿಯಲ್ಲಿರುವ ಅಪ್ಪನ ಮನೆಗೆ ರಜೆಗೆಂದು ಹೋದ ಮಗಳು ಅಲ್ಲೇ ಉಳಿದುಬಿಟ್ಟಳು. ಅಲ್ಲಿ ಫ್ರಿಜ್ ತುಂಬ ಇಂಥವೇ ಅಂತೆ. ಬೇಡ ಅನ್ನುವವರಿಲ್ಲ. ಈಗ ಅಮ್ಮನ ಫೋನಿಗೂ ಸಿಗುವುದಿಲ್ಲ.

ಬೆಲ್ಟಿನ ಆಚೆ ನಿಂತಿದ್ದ ಹಿರಿಯಾಕೆ ಕತ್ತೆತ್ತಿದಳು. "ಎಲ್ಲಾ ಮುಂದೆ ಹೋಗ್ತಾ ಇದೆ ಕಣೇ. ಅದನ್ನೇ ಹಿಡ್ಕೊಂಡು ನಿಂತಿದ್ದೀಯಲ್ಲ, ಏನಿದೆ ಅದ್ರಲ್ಲಿ?"

"ಏನೂ ಇಲ್ಲ ಅಕ್ಕ" ಎಂದಳು. "ತೊಳೆದಿದ್ದಾಳೆ."