ಹಿಂದೆ ಒಬ್ಬರಿದ್ದಾರೆ

ಸೇತುವೆಯ ಮೇಲೆ ಆಕೆ ಮತ್ತೊಮ್ಮೆ ಹಿಂತಿರುಗಿ ನೋಡಿದಳು. ಇದ್ದಾರೆ. ಹತ್ತು ಮಾರು ಹಿಂದೆ, ಕಿತ್ತಳೆ ಬಣ್ಣದ ಮೇಲಂಗಿ, ಬಿಳಿ ಕೂದಲಿನ ಜುಟ್ಟು, ಬೆನ್ನಿಗೊಂದು ಚೀಲ. ಹೋದ ಜೀವ ಬಂದಂತಾಯಿತು. ಓಟ ಮುಂದುವರಿಸಿದಳು. ಓಟವೇನು, ಬಸ್ಸು ತಪ್ಪಿತೆಂದು ಗೊತ್ತಾದ ಮೇಲೂ ನೋಡುವವರ ಎದುರು ಮರ್ಯಾದೆಗೆಂದು ಹಾಕುವ ಹೆಜ್ಜೆ.

ಕನ್ನಡಕದಂಗಡಿಯಲ್ಲಿ ದುಡಿಯುವ ಆಕೆಗೆ ವಯಸ್ಸು ನಲವತ್ತೊಂಬತ್ತು. ಗಿರಾಕಿಗಳ ಮೂಗಿನ ಮೇಲೆ ಚೌಕಟ್ಟು ಕೂರಿಸುವುದು, ಕಿವಿಯ ಹಿಂದೆ ಕಡ್ಡಿ ಬಾಗಿಸುವುದು, ಗೋಡೆಯ ಅಕ್ಷರ ಓದಿಸುವುದು ಕೆಲಸ. ದಿನವಿಡೀ ನಿಂತೇ ಇರುವ ಕಾಲುಗಳು ಓಡುವುದನ್ನು ಎಂದೋ ಮರೆತಿದ್ದವು. ಬೇಸಿಗೆಯ ಶುರುವಿಗೆ ಅಂಗಡಿಯ ಗಾಜಿಗೆ ಯಾರೋ ಚೀಟಿ ಅಂಟಿಸಿ ಹೋದರು. ಹೆಂಗಸರ ಓಟದ ಬಳಗ, ಎಂಟು ಭಾನುವಾರ, ಎಂಟು ಹೊಸ ದಾರಿ, ಕೊನೆಯ ವಾರ ಹತ್ತು ಕಿಲೋಮೀಟರಿನ ಸ್ಪರ್ಧೆ. ಕಿತ್ತು ಹಾಕಲು ಹೋದವಳು ಓದಿಬಿಟ್ಟಳು.

ಊಟದ ಮೇಜಿನಲ್ಲಿ ಸುದ್ದಿ ಹೇಳಿದಾಗ ಗಂಡ ಅವಳ ಮೊಣಕಾಲನ್ನು ನೆನಪಿಸಿದ. ಮಗಳು ಕೆಮ್ಮಿದಂತೆ ಮಾಡಿ ನಕ್ಕಳು. ನಾದಿನಿ ಮಾತ್ರ ನಿಧಾನವಾಗಿ ನೀರು ಕುಡಿದು ಲೋಟ ಕೆಳಗಿಟ್ಟಳು.

"ಹೋಗಿ ಅತ್ತಿಗೆ. ಕೊನೇಲಿ ಹೆಸರಿನ ಪಟ್ಟಿ ಹಾಕ್ತಾರಲ್ಲ, ನಾವು ಕೆಳಗಿಂದ ಓದ್ಕೊಂಡು ಬರ್ತೀವಿ. ಬೇಗ ಸಿಕ್ತೀರ."

ಮನೆಯಲ್ಲಿ ಕೊನೆಗೆ ಉಣ್ಣುವವಳು ಆಕೆ. ಕೊನೆಗೆ ಸ್ನಾನ ಮಾಡುವವಳು, ಅದೂ ಬಿಸಿನೀರು ಮುಗಿದ ಮೇಲೆ. ಅದಕ್ಕೆಲ್ಲ ಪಟ್ಟಿ ಇಲ್ಲದ್ದರಿಂದ ಯಾರೂ ಓದಿರಲಿಲ್ಲ, ಆಕೆಯೂ ಓದಿರಲಿಲ್ಲ. ಅಂದು ಮಾತ್ರ ಹಟ ಹುಟ್ಟಿತು. ಮೊದಲು ಬರುವುದು ಬೇಡ, ನಡುವೆಯೂ ಬೇಡ. ಕೊನೆಯವಳು ಆಗಬಾರದು, ಅಷ್ಟೇ.

ಮೊದಲ ಭಾನುವಾರ ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು ಉದ್ಯಾನ ಮುಟ್ಟುವಷ್ಟರಲ್ಲಿ ಪರಿಚಯ, ಸೂಚನೆ ಎಲ್ಲ ಮುಗಿದು ಬಳಗ ಹೊರಟೇಬಿಟ್ಟಿತ್ತು. ಐದೇ ನಿಮಿಷದಲ್ಲಿ ನಲವತ್ತು ಬೆನ್ನುಗಳು ಮರಗಳಾಚೆ ಮಾಯವಾದವು. ಆಗ ಹಿಂದಿನಿಂದ ಹೆಜ್ಜೆಯ ಸದ್ದು. ತಿರುಗಿದರೆ, ಅರವತ್ತು ದಾಟಿದ ಹೆಂಗಸು, ಮೆಲ್ಲಗೆ ಬರುತ್ತಿದ್ದಾರೆ. ದೇವರು ಕಣ್ಣು ಬಿಟ್ಟ ಎನ್ನಿಸಿತು.

ಮನಸ್ಸಿನಲ್ಲೇ ಆಮೆಯಕ್ಕ ಎಂದು ಹೆಸರಿಟ್ಟಳು. ಬಾಯಲ್ಲಿ ಬರೀ ಅಕ್ಕ.

ಆ ಬೇಸಿಗೆಯಲ್ಲಿ, ಅಷ್ಟು ವರ್ಷ ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದ ಮಹಾನಗರ ಆಕೆಯ ಕಾಲಿಗೆ ಸಿಕ್ಕಿತು. ನೀರಿನ ತೊಟ್ಟಿಯ ಗುಡ್ಡಕ್ಕೆ ಇನ್ನೂರ ಎಪ್ಪತ್ತು ಮೆಟ್ಟಿಲು. ಕೈಬಿಟ್ಟ ರೈಲುಹಳಿಯ ಪಕ್ಕ ಮುಳ್ಳಿನ ದಾರಿ. ಒಂದು ವಾರ ಹಗ್ಗ ಹಿಡಿದು ಬಂಡೆ ಹತ್ತಿದರು, ಇನ್ನೊಂದು ವಾರ ಮೊಣಕಾಲುದ್ದ ನೀರಿನಲ್ಲಿ ಹೊಳೆ ದಾಟಿದರು. ಎಲ್ಲ ಕಡೆಯೂ ಆಕೆ ಕೊನೆಯಿಂದ ಎರಡನೆಯವಳು. ಆ ಸ್ಥಾನ ಮೆಲ್ಲಗೆ ತಲೆಗೇರಿತು. ಅಕ್ಕನಿಗೆ ಪಾಠ ಹೇಳತೊಡಗಿದಳು. ಉಸಿರು ಮೂಗಿನಲ್ಲಿ ಎಳೆಯಬೇಕು, ಭುಜ ಬಿಗಿಯಬಾರದು, ಹೆಜ್ಜೆ ಸಣ್ಣದಿರಬೇಕು. ಅಕ್ಕ ಶ್ರದ್ಧೆಯಿಂದ ಕೇಳಿಸಿಕೊಂಡು, ಹೌದಾ, ಮಾಡಿ ನೋಡ್ತೀನಿ ಎನ್ನುತ್ತಿದ್ದರು.

ಅಕ್ಕನ ಕೊರಳಲ್ಲೊಂದು ಸೀಟಿ. ದಾರಿ ತಪ್ಪುವ ಭಯವಿರಬೇಕು. ಚೀಲದ ತುಂಬ ಬ್ಯಾಂಡೇಜು, ಮುಲಾಮು. ವಯಸ್ಸಿನ ಕಾಟ, ಪಾಪ. ಮೆಟ್ಟಿಲ ಮೇಲೆ ತಾನು ಕುಳಿತರೆ ಸಾಕು, ಅಕ್ಕನೂ ಶೂ ಲೇಸು ಕಟ್ಟುವ ನೆಪ ಮಾಡಿ ನಿಂತುಬಿಡುತ್ತಿದ್ದರು. ಸುಸ್ತಾಯಿತೆಂದು ಒಪ್ಪದ ಜಂಬ. ಗುಡ್ಡದ ಬುಡದಿಂದ ತುದಿಯವರೆಗೆ ಏದುಸಿರಿಲ್ಲದೆ ಕಥೆ ಹೇಳುವವರಿಗೆ ಕಾಲು ಮಾತ್ರ ಯಾಕೆ ಓಡುವುದಿಲ್ಲವೋ. ಬಾಯಿಗಿರುವ ಬಲ ಕಾಲಿಗಿಲ್ಲ ಎಂದು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು. ಆ ರಾತ್ರಿ ಪಾತ್ರೆ ತೊಳೆಯುವಾಗ ತನ್ನ ನಗು ನಾದಿನಿಯ ನಗುವಿನಂತೆಯೇ ಕೇಳಿಸಿತ್ತಲ್ಲ ಎಂದು ಸ್ವಲ್ಪ ಮುಜುಗರವೂ ಆಯಿತು.

ಆರನೆಯ ವಾರ ಗುಡ್ಡದ ಮೇಲೆ, ಕೆಳಗೆ ಹರಡಿದ ಛಾವಣಿಗಳನ್ನು ನೋಡುತ್ತ ಅಕ್ಕ ಕೇಳಿದರು:

"ನಿನಗೆ ಓಡೋದು ಇಷ್ಟಾನಾ?"

ಮೊಣಕಾಲು ಹೇಗಿದೆ, ಎಷ್ಟು ಹೊತ್ತಿಗೆ ಬರುತ್ತೀ, ಅಡುಗೆ ಏನು ಎಂದೆಲ್ಲ ಕೇಳಿದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಇಷ್ಟ ಎಂದಳು. ಹೇಳಿದ ಮೇಲೆ ನಿಜವೂ ಅನ್ನಿಸಿತು.

ಇವತ್ತು ಆ ಹತ್ತು ಕಿಲೋಮೀಟರು. ಸೇತುವೆ ಇಳಿದು ಮೈದಾನದ ಗೇಟು ದಾಟಿದಳು. ಎದುರಿಗೆ ಬಿಳಿ ಗೆರೆ, ಅದರಾಚೆ ಮೇಜಿನ ಮೇಲೆ ಹೆಸರು ಬರೆದುಕೊಳ್ಳುವವರು, ಪಕ್ಕದಲ್ಲಿ ಮೊಬೈಲು ಎತ್ತಿ ಹಿಡಿದ ನಾದಿನಿ. ಇನ್ನು ಹತ್ತು ಹೆಜ್ಜೆ. ಗೆದ್ದೆ ಅಂದುಕೊಂಡಳು.

ಅಭ್ಯಾಸಬಲದಿಂದ ಹಿಂತಿರುಗಿದಳು. ಖಾಲಿ ಮೈದಾನದಲ್ಲಿ ಬಿಳಿ ಜುಟ್ಟೊಂದೇ ಕುಣಿಯುತ್ತ ಬರುತ್ತಿತ್ತು. ಅಕ್ಕನ ಮನೆಯಲ್ಲೂ ಪಟ್ಟಿಯನ್ನು ಕೆಳಗಿನಿಂದ ಓದುವವರು ಇದ್ದೇ ಇರುತ್ತಾರೆ.

ಆಕೆ ನಿಂತಳು. ಅಕ್ಕನೂ ನಿಂತರು. ನೀವು ಹೋಗಿ ಎಂದಳು. ನೀನು ನಡಿ ಎಂದರು. ಹತ್ತಿರ ಹೋಗಿ ಕೈ ಹಿಡಿದು ಎಳೆದಳು, ಅಕ್ಕ ಕಂಬದ ಹಾಗೆ ಅಲುಗಲಿಲ್ಲ. ಆ ವಯಸ್ಸಿಗೆ ಅದೆಲ್ಲಿಯ ಬಲವೋ. ಕೊನೆಗೆ ಆಕೆ ನೆಲದ ಮೇಲೆ ಕುಳಿತೇಬಿಟ್ಟಳು. ಅಕ್ಕನೂ ಪಕ್ಕದಲ್ಲಿ ಕಾಲು ಚಾಚಿ ಕುಳಿತರು. ಗೆರೆಯಾಚೆ ನಾದಿನಿ, ಅತ್ತಿಗೆ ಎದ್ದೇಳಿ, ಮಾನ ಹೋಗ್ತಿದೆ ಎಂದು ಕೂಗುತ್ತಿದ್ದಳು.

"ನನಗೆ ಕೊನೆ ಅಭ್ಯಾಸ ಇದೆ ಅಕ್ಕ," ಎಂದಳು ಆಕೆ. "ಒಂದು ಸಲ ನಾನಾಗೇ ಆರಿಸ್ಕೊಂಡು ಕೊನೇಲಿ ಬರ್ತೀನಿ. ನೀವು ಹೋಗಿ."

ಅಕ್ಕ ಇನ್ನಷ್ಟು ಹತ್ತಿರ ಸರಿದು ಕುಳಿತರು. ಆಮೇಲೆ ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು:

"ನಿನ್ನ ದಾಟಿ ಹೋದ್ರೆ ನನ್ನ ಕೆಲಸ ಹೋಗುತ್ತೆ ಕಣಮ್ಮಾ, ಎಲ್ಲರಿಗಿಂತ ಕೊನೇಲಿರೋರ ಹಿಂದೆ ಓಡೋಕೆ ಅಂತಾನೇ ಬಳಗದವರು ನನ್ನ ಇಟ್ಕೊಂಡಿರೋದು."