ತೊಳೆದಿಟ್ಟ ಡಬ್ಬಗಳು

“ಬೇಕಾರೆ ಮೂಸಿ ನೋಡಿ ನರ್ಸಮ್ಮ, ಒಂಚೂರು ನಾತ ಇದ್ರೆ ನನ್ ಎಸ್ರು ಪುಟ್ಟಮಾದಮ್ಮನೇ ಅಲ್ಲ!”

ಪುಟ್ಟಮಾದಮ್ಮ ಪ್ಲಾಸ್ಟಿಕ್ ಡಬ್ಬವೊಂದನ್ನು ಹೇಮಲತಾಳ ಮೂಗಿಗೇ ಹಿಡಿದಳು. ಆಗಷ್ಟೇ ಹುಲ್ಲಹಳ್ಳಿ ಬಸ್ಸಿಳಿದು ಬಂದಿದ್ದ ಹೇಮಲತಾಗೆ ನಗು ತಡೆಯಲಾಗಲಿಲ್ಲ. ಹೋದ ತಿಂಗಳು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಅವಳೇ ಹೇಳಿದ್ದಳು: ಬಿಸಾಡಿದ ಡಬ್ಬದಲ್ಲಿ ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಜ್ವರ, ಎಲ್ಲವನ್ನೂ ಚೊಕ್ಕಟವಾಗಿ ತೊಳೆದು ಒಂದು ಕಡೆ ಸೇರಿಸಿಡಿ, ಗುಜರಿಯವನನ್ನು ನಾನೇ ಕಳಿಸುತ್ತೇನೆ. ಎಷ್ಟೋ ಊರಿನಲ್ಲಿ ಹೇಳಿದ್ದಳು. ಮಾಡಿ ತೋರಿಸಿದವರನ್ನು ಕಂಡಿದ್ದು ಇಲ್ಲೇ ಮೊದಲು. ಜಗಲಿಯ ತುಂಬ ಡಬ್ಬಗಳು, ಮದುವೆ ಮನೆಯ ಪಾತ್ರೆಗಳ ಹಾಗೆ ಬೋರಲು ಹಾಕಿದ್ದವು.

“ಒಂದೇ ಥರದ್ದು ಇಷ್ಟೊಂದು ಎಲ್ಲಿ ಸಿಕ್ತು?”

“ಗದ್ದೆ ಬದೀಲಿ. ಬತ್ತಕ್ಕೆ ಔಸ್ದಿ ಒಡುದ್ಬುಟ್ಟು ಗಂಡಸ್ರು ಅಲ್ಲೇ ಎಸ್ದು ಬತ್ತಾರಲ್ಲ. ನಾನೂ ರುದ್ರಮ್ಮನೂ ಬೆಳಿಗ್ಗೆಯಿಂದ ಆಯ್ದೋ.”

ಹೇಮಲತಾ ಡಬ್ಬವನ್ನು ತಿರುಗಿಸಿ ನೋಡಿದಳು. ಚೀಟಿಯನ್ನು ಕೆರೆದು ತೆಗೆದಿದ್ದರು. ಮೂಲೆಯಲ್ಲಿ ಒಂದು ಚೂರು ಮಾತ್ರ ಉಳಿದಿತ್ತು: ಕೆಂಪು ಗುರುತು, ತಲೆಬುರುಡೆ.

“ಎಲ್ಲಿ ತೊಳೆದ್ರಿ? ನಾಲೇಲಾ?”

“ಅಯ್ ಬುಡಿ, ನಾಲೆ ನೀರ ಜನ ಕುಡೀತಾರೆ. ನಮ್ಗೂ ಅಷ್ಟು ಗ್ಯಾನ ಇಲ್ವಾ?” ಒಳಗಿನಿಂದ ಬಂದ ರುದ್ರಮ್ಮ ಕೈ ಒರೆಸುತ್ತಾ ಅಂದಳು. “ದನ ನೀರು ಕುಡಿಯೋ ತೊಟ್ಟೀಲಿ ಅದ್ದಿ ಅದ್ದಿ ತೊಳುದ್ವಿ.”

“ಆ ನೀರು?”

“ಅಲ್ಲೇ ಅದೆ. ಕರೆಂಟ್ ಬ್ಯಾರೆ ಇಲ್ಲ, ತುಂಬಿದ್ ತೊಟ್ಟಿಯ ಯಾರಾದ್ರೂ ಸುಮ್ನೆ ಚೆಲ್ತಾರಾ?”

ಹೇಮಲತಾ ಸುತ್ತ ನೋಡಿದಳು. “ದನಗಳು ಎಲ್ಲಿವೆ?”

“ಎಲ್ಲಾ ಮೇಯಕ್ಕೋಗವೆ,” ಪುಟ್ಟಮಾದಮ್ಮ ನಕ್ಕಳು. “ನಮ್ ಕೆಂದಿ ಒಂದೇ ಊರಲ್ಲಿರದು. ತುಂಬು ಗಬ್ಬದ ಅಸ ನೋಡಿ, ದೂರ ನಡ್ಸಬಾರ್ದು ಅಂತ ಈಗ್ತಾನೆ ತೊಟ್ಟಿ ಪಕ್ಕದಲ್ಲೇ ಕಟ್ಬುಟ್ಟು ಬಂದೆ.”

ಹೇಮಲತಾ ಕೈಯಲ್ಲಿದ್ದ ಡಬ್ಬ ಎಸೆದು ತೊಟ್ಟಿಯತ್ತ ಓಡಿದಳು.

“ಯಾಕ್ ನರ್ಸಮ್ಮ? ಏನಾಯ್ತು?”

“ವಿಷ ಕಣಮ್ಮಾ! ತೊಳೆದ್ರೆ ಅದು ಎಲ್ಲಿಗೆ ಹೋಗುತ್ತೆ? ನೀರಿಗೇ ತಾನೆ?” ಓಡುತ್ತಲೇ ಕೂಗಿದಳು. “ತಪ್ಪು ನಂದೇ, ನಾನೇ ತೊಳೀರಿ ಅಂದಿದ್ದು!”

ಕೆಂದಿ ತೊಟ್ಟಿಯಿಂದ ನಿಧಾನವಾಗಿ ತಲೆ ಎತ್ತಿತು. ಮೂತಿಯಿಂದ ನೀರು ಸುರಿಯುತ್ತಿತ್ತು. ಹಿಂದೆಯೇ ಓಡಿಬಂದ ಪುಟ್ಟಮಾದಮ್ಮ ಸೆರಗು ಎಳೆದುಕೊಂಡು, ಮಗುವಿಗೆ ಒರೆಸುವ ಹಾಗೆ ಅದರ ಬಾಯಿ ಒರೆಸತೊಡಗಿದಳು. ಹಸು ಅವಳ ಕೈ ನೆಕ್ಕಿತು.